ನೋಡದೆ ಬರೆದ ‘ಇಲ್ಲ’

ಹೊಸಪೇಟೆ
೯ ಜೂನ್ ೨೦೨೫

ಕರೆಮ್ಮನಿಗೆ,

ನಾನು ಹೊನ್ನೂರಸ್ವಾಮಿ, ನಿನ್ನ ಅಪ್ಪ ಎರ್ರಿಯಪ್ಪನ ಗೆಳೆಯ. ಕಂಪ್ಲಿಯ ನಿಮ್ಮ ಮನೆಗೆ ಬರುವುದನ್ನು ಬಿಟ್ಟು ಹದಿನೆಂಟು ವರ್ಷವಾಯಿತು. ಎರ್ರಿಯಪ್ಪ ತೀರಿಕೊಂಡಾಗಲೂ ಮಣ್ಣಿಗೆ ಬರಲಿಲ್ಲ. ನಿನ್ನ ಕಾಲು ನೋಡಿ ಹೇಸಿಕೊಂಡು ಕಾಕಾ ದೂರವಾದ ಎಂದು ನೀನು ತಿಳಿದಿರಬಹುದು. ಕಾರಣ ಅದಲ್ಲ. ಇರುವ ಕಾರಣ ಅದಕ್ಕಿಂತ ಕೆಟ್ಟದ್ದು. ಅದನ್ನು ಹೇಳುವುದಕ್ಕೇ ಈ ಕಾಗದ.

ಆನೆಕಾಲು ರೋಗದ ಘಟಕದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದದ್ದು ನಿನಗೆ ಗೊತ್ತು. ಹೋದ ತಿಂಗಳ ಕೊನೆಗೆ ನಿವೃತ್ತನಾದೆ. ೨೦೦೩ರ ಮಾರ್ಚ್‌ನಲ್ಲಿ ನಾವು ನಿಮ್ಮ ಓಣಿಗೆ ರಕ್ತ ತೆಗೆಯಲು ಬಂದಿದ್ದೆವು, ನೆನಪಿದೆಯೇ? ಸುರಪುರದ ಕಡೆಯಿಂದ ನಾಟಿ ಕೆಲಸಕ್ಕೆ ಬಂದು ನೆಲೆ ನಿಂತವರು ಅಲ್ಲಿ ಬಹಳ ಇದ್ದರು. ಆ ಕಡೆ ಈ ರೋಗ ಇದ್ದುದರಿಂದ ಓಣಿಯ ಎಲ್ಲರನ್ನೂ ಪರೀಕ್ಷಿಸಬೇಕೆಂದು ಮೇಲಿನಿಂದ ಹೇಳಿದ್ದರು. ಈ ರೋಗ ತರುವ ಹುಳದ ಮರಿಗಳು ಹಗಲೆಲ್ಲ ಮೈಯ ಒಳಗೆ ಅಡಗಿದ್ದು ರಾತ್ರಿ, ಸೊಳ್ಳೆ ಕಚ್ಚುವ ಹೊತ್ತಿಗೆ, ರಕ್ತಕ್ಕೆ ಬರುತ್ತವೆ. ಅದಕ್ಕೇ ನಾವು ಒಂಬತ್ತರ ಮೇಲೆ ಮನೆ ಮನೆ ಬಾಗಿಲು ತಟ್ಟಿದ್ದು. ನೀನು ಪಿಯುಸಿ ಪರೀಕ್ಷೆಗೆ ಓದುತ್ತ ಕೂತಿದ್ದೆ. ನಾನು ಬೆರಳು ಕೇಳಿದಾಗ, “ಎಡಗೈ ತಗೋ ಕಾಕಾ, ಬಲಗೈ ನಾಳೆ ಬರಿಯಾಕ ಬೇಕು” ಅಂದೆ.

ಒಟ್ಟು ನಾನೂರು ಜನರ ರಕ್ತ, ನಾನೂರು ಗಾಜಿನ ಸ್ಲೈಡ್. ಮೂವತ್ತೊಂದನೆಯ ತಾರೀಖಿನೊಳಗೆ ವರದಿ ಹೋಗಬೇಕಿತ್ತು. ಮುನ್ನೂರ ನಲವತ್ತನ್ನು ಒಂದೊಂದಾಗಿ ನೋಡಿದೆ. ಕಡೆಯ ಅರವತ್ತನ್ನು ನೋಡಲಿಲ್ಲ. ನೋಡದೆಯೇ ದಾಖಲೆ ಪುಸ್ತಕದಲ್ಲಿ ಆ ಅರವತ್ತು ಹೆಸರುಗಳ ಮುಂದೆಯೂ ‘ಇಲ್ಲ’ ಎಂದು ಬರೆದೆ. ಆಮೇಲೆ ಬಿಡುವಾಗಿ ನೋಡೋಣವೆಂದು ಆ ಪೆಟ್ಟಿಗೆಯನ್ನು ಮನೆಗೆ ತಂದೆ. ಅದು ಅಟ್ಟ ಸೇರಿತು.

ನಿವೃತ್ತಿಯ ಮರುದಿನ ಅದನ್ನು ಇಳಿಸಿದೆ. ಬಸ್ ನಿಲ್ದಾಣದ ಹತ್ತಿರ ಲ್ಯಾಬ್ ಇಟ್ಟುಕೊಂಡಿರುವ ಮಾರೇಶ್ ನನ್ನ ಕೈಕೆಳಗೆ ಕೆಲಸ ಕಲಿತವನು. ಅವನಲ್ಲಿಗೆ ಒಯ್ದು ಎರಡು ದಿನ ಕೂತು ಅರವತ್ತನ್ನೂ ನೋಡಿದೆ. ಮೂವರ ರಕ್ತದಲ್ಲಿ ಹುಳವಿತ್ತು. ಒಬ್ಬ ಮುದುಕ, ಅವನು ಸತ್ತು ಬಹಳ ಕಾಲವಾಗಿದೆ. ಇನ್ನೊಬ್ಬ ಆಗ ಹನ್ನೊಂದು ವರ್ಷದವನು, ಅವರ ಮನೆಯವರು ವಾಪಸು ಸುರಪುರಕ್ಕೆ ಹೋಗಿದ್ದಾರಂತೆ. ಮೂರನೆಯದು ಮುನ್ನೂರ ಎಪ್ಪತ್ತೊಂದನೆಯ ಸ್ಲೈಡ್. ಅದು ನಿನ್ನದು. ಬಣ್ಣ ಮಾಸಿದ್ದರೂ ಎರಡು ಮರಿಗಳು ಸ್ಪಷ್ಟವಾಗಿ ಕಂಡವು.

ಅಂದು ನೋಡಿದ್ದರೆ ಹನ್ನೆರಡು ದಿನ ಮಾತ್ರೆ ಕೊಡುತ್ತಿದ್ದೆವು. ಅಷ್ಟೇ ಆಗಿತ್ತು ನನ್ನ ಕೆಲಸ.

ನನ್ನ ಫೋನ್ ನಂಬರನ್ನು ಹಿಂದುಗಡೆ ಬರೆದಿದ್ದೇನೆ. ಬೈದರೂ ಸರಿ, ಒಮ್ಮೆ ಮಾತಾಡು.

ನಿನ್ನ ಕಾಕಾ ಎಂದು ಬರೆಯಲು ಕೈ ಬಾರದ
ಹೊನ್ನೂರಸ್ವಾಮಿ


ಕಂಪ್ಲಿ
೨ ಜುಲೈ ೨೦೨೫

ಹೊನ್ನೂರಸ್ವಾಮಿ ಕಾಕಾ ಅವರಿಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಶಾಲೆ ಶುರುವಾಗಿದೆ. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ, ಈ ದಿನಗಳಲ್ಲಿ ಯೂನಿಫಾರಂ ಕೆಲಸ ಬಹಳ. ಕಾಲಲ್ಲಿ ತುಳಿಯಲು ಆಗುವುದಿಲ್ಲವೆಂದು ಯಂತ್ರಕ್ಕೆ ಮೋಟಾರು ಹಾಕಿಸಿದ್ದೇನೆ. ಕಾಗದ ಓದಿದ ದಿನ ಒಂದೇ ಅಂಗಿಗೆ ಎರಡು ಎಡಗೈ ತೋಳು ಹಚ್ಚಿದೆ. ಆಮೇಲೆ ಬಿಚ್ಚಿದೆ.

ಫೋನ್ ಮಾಡುವುದಿಲ್ಲ. ನೀವೂ ಮಾಡಬೇಡಿ. ಬಾಯಿಮಾತು ಒಮ್ಮೆ ಕೇಳಿ ನೋಡಿ ಆಗಿದೆ. ಏನಿದ್ದರೂ ಬರೆದೇ ಹೇಳಿ, ನಿಮ್ಮ ಅಕ್ಷರ ನನ್ನ ಕೈಯಲ್ಲಿರಲಿ.

ಎರಡು ಕೇಳುವುದಿದೆ.

ಒಂದು, ಅಂದೇ ಮಾತ್ರೆ ತಿಂದಿದ್ದರೆ ನನ್ನ ಕಾಲು ಉಳಿಯುತ್ತಿತ್ತೇ? ಸಮಾಧಾನದ ಮಾತು ಬೇಡ, ಇದ್ದದ್ದು ಹೇಳಿ.

ಎರಡು, ೨೦೦೩ರದ್ದು ಬರೆದಿದ್ದೀರಿ. ೨೦೦೭ರದ್ದು ಬರೆದಿಲ್ಲ. ನನಗೆ ಯಶವಂತನಗರಕ್ಕೆ ಮದುವೆಯಾಗಿ, ಭವ್ಯ ಹುಟ್ಟಿ, ಮತ್ತೆ ಮತ್ತೆ ಚಳಿಜ್ವರ ಬಂದು ಕಾಲು ಊದುತ್ತ ಎಂಟು ತಿಂಗಳಾಗಿತ್ತು. ಅಪ್ಪ ನನ್ನನ್ನು ಹೊಸಪೇಟೆಗೆ, ನಿಮ್ಮ ಕಚೇರಿಗೆ ಕರೆತಂದ. ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದೆ. ಅಪ್ಪ ಒಳಗಿನಿಂದ ನಗುತ್ತ ಬಂದ. “ರಕ್ತದಾಗ ಏನೂ ಇಲ್ಲಂತವ್ವಾ. ಹೊನ್ನೂರ ಪುಸ್ತಕ ತಗದು ನೋಡಿ ಹೇಳಿದ. ಆನೆಕಾಲು ಅಲ್ಲ ಇದು” ಅಂದ. ಬಸ್ ನಿಲ್ದಾಣದಲ್ಲಿ ಖುಷಿಗೆ ಮಿರ್ಚಿ ಕೊಡಿಸಿದ. ತಾನೂ ನಾಲ್ಕು ತಿಂದ.

ಒಳಗೆ ನೀವು ಅವನಿಗೆ ಏನು ಹೇಳಿದಿರಿ?

ಎರ್ರಿಯಪ್ಪನ ಮಗಳು
ಕರೆಮ್ಮ


ಹೊಸಪೇಟೆ
೬ ಜುಲೈ ೨೦೨೫

ಕರೆಮ್ಮ,

ಮೊದಲನೆಯದಕ್ಕೆ ಉತ್ತರ: ಗೊತ್ತಿಲ್ಲ. ಮಾತ್ರೆ ರಕ್ತದೊಳಗಿನ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳಗಳಲ್ಲೂ ಕೆಲವನ್ನು ಕೊಲ್ಲುತ್ತದೆ. ಬೇಗ ತಿಂದ ಬಹಳ ಜನಕ್ಕೆ ಕಾಲು ಊದದೆ ಹೋದದ್ದನ್ನು ನಾನು ಕಂಡಿದ್ದೇನೆ. ತಿಂದೂ ಊದಿದವರಿದ್ದಾರೆ. ನಿನಗೆ ಯಾವುದಾಗುತ್ತಿತ್ತೋ ಯಾರೂ ಹೇಳಲಾರರು. ಅದನ್ನು ತಿಳಿಯುವ ಅವಕಾಶವನ್ನೇ ನಾನು ತೆಗೆದುಬಿಟ್ಟೆ.

ಎರಡನೆಯದನ್ನು ಮೊದಲ ಕಾಗದದಲ್ಲಿ ಬೇಕೆಂದೇ ಬಿಟ್ಟಿದ್ದೆ. ನಾಲ್ಕು ಸಲ ಬರೆದು ಹರಿದುಹಾಕಿದ ಮೇಲೆ ಬಿಟ್ಟೆ.

ಎರ್ರಿಯಪ್ಪ ಬಂದು, “ಲೇ ಹೊನ್ನೂರ, ಮಗಳ ಕಾಲು ನೋಡಿದ್ರ ಜೀವ ಝಲ್ ಅನ್ನತೈತಿ. ಅವತ್ತು ರಕ್ತ ತಗದಿದ್ದಿ, ಏನೈತಿ ನೋಡಿ ಹೇಳು” ಅಂದ. ಪುಸ್ತಕ ತೆಗೆದೆ. ನಿನ್ನ ಹೆಸರಿನ ಮುಂದೆ ನನ್ನ ಅಕ್ಷರದಲ್ಲೇ ‘ಇಲ್ಲ’ ಎಂದಿತ್ತು. ಅದು ಆ ಅರವತ್ತರಲ್ಲಿ ಒಂದೆಂದು ನೋಡಿದ ಕ್ಷಣವೇ ತಿಳಿಯಿತು. ಪೆಟ್ಟಿಗೆ ನನ್ನ ಮನೆಯ ಅಟ್ಟದ ಮೇಲಿತ್ತು, ಕಚೇರಿಯಿಂದ ಹತ್ತು ನಿಮಿಷದ ದಾರಿ. “ಸಂಜಿಗೆ ಬಾರೋ, ನೋಡಿ ಹೇಳ್ತೀನಿ” ಅಂದಿದ್ದರೆ ಸಾಕಿತ್ತು.

ಹೆದರಿದೆ. ಒಂದನ್ನು ತೆರೆದರೆ ಅರವತ್ತೂ ಹೊರಬರುತ್ತವೆ, ನೌಕರಿ ಹೋಗುತ್ತದೆ, ಊರಲ್ಲಿ ಮುಖ ಹೋಗುತ್ತದೆ ಎಂದು ಹೆದರಿದೆ. ಪುಸ್ತಕ ತಿರುಗಿಸಿ ಅವನಿಗೆ ತೋರಿಸಿದೆ. “ನೋಡು, ಏನೂ ಇಲ್ಲ. ಇದು ಬ್ಯಾರೆ ಏನೋ ಇರಬೇಕು, ಡಾಕ್ಟರಿಗೆ ತೋರ್ಸು” ಅಂದೆ. ಎರ್ರಿಯಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. “ನಿನ್ನ ಬಾಯಿ ಹರಕಿಯಿಂದ ನನ್ನ ಮಗಳು ಬದುಕಿದಳು ಲೇ” ಅಂದ. ನೀನು ಕಟ್ಟೆಯ ಮೇಲೆ ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಆ ದಿನದಿಂದ ನಿಮ್ಮ ಮನೆಯ ಕಡೆ ಬರಲಾಗಲಿಲ್ಲ.

ಮೊದಲನೆಯದು ಸೋಮಾರಿತನ. ಎರಡನೆಯದು ಸುಳ್ಳು. ಎರಡನ್ನೂ ನಮ್ಮ ಹಳೆಯ ಘಟಕದ ಅಧಿಕಾರಿಗೆ ಬರೆದು ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ಹೊನ್ನೂರಸ್ವಾಮಿ


ಕಂಪ್ಲಿ
೨೪ ಆಗಸ್ಟ್ ೨೦೨೫

ಹೊನ್ನೂರಸ್ವಾಮಿ ಕಾಕಾ ಅವರಿಗೆ,

ತಡವಾಯಿತು. ಬರೆಯಲು ಕೂತಾಗಲೆಲ್ಲ ಯಾರಾದರೂ ಅಳತೆ ಕೊಡಲು ಬರುತ್ತಿದ್ದರು. ಬಂದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತಿತ್ತು.

ನೀವು ‘ಇಲ್ಲ’ ಎಂದ ಮೇಲೆ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಗೊತ್ತಿರಬೇಕು.

ಅಪ್ಪ ಅದೇ ವಾರ ಯಶವಂತನಗರಕ್ಕೆ ಹೋದ. ನನ್ನ ಗಂಡ ಹುಲಿಗೇಶ್ ಗಣಿಯಲ್ಲಿ ಡ್ಯೂಟಿಗೆ ಹೋಗಿದ್ದ, ಅತ್ತೆ ಬಸಕ್ಕ ಇದ್ದಳು. ಆನೆಕಾಲು ಅಲ್ಲವಂತೆ, ರಕ್ತದಲ್ಲಿ ಏನೂ ಇಲ್ಲವಂತೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ಅತ್ತೆ, “ಹುಳ ಅಲ್ಲಂದ್ರ ಮತ್ತೇನ್ರಿ ಅದು? ನಿಮ್ಮ ವಂಶದಾಗಿನ ದೋಷ. ನಮ್ಮ ಮನಿಗೆ ಕಟ್ಟಿ ಕಳಿಸೀರಿ” ಅಂದಳು. ಹುಳವಾಗಿದ್ದರೆ ಔಷಧ ಇತ್ತು. ದೋಷಕ್ಕೆ ಔಷಧ ಕೊಡುವವರು ಬೇರೆ.

ಅತ್ತೆ ಮನೆಯವರು ನನ್ನನ್ನು ಒಬ್ಬ ನಾಟಿ ವೈದ್ಯನ ಹತ್ತಿರ ಒಯ್ದರು. ಕೆಟ್ಟ ರಕ್ತ ಹೋಗಲೆಂದು ಅವನು ಬ್ಲೇಡಿನಿಂದ ಮೊಣಕಾಲ ಕೆಳಗೆ ಇಪ್ಪತ್ತೊಂದು ಗೆರೆ ಹಾಕಿದ. ಸೊಪ್ಪು ಅರೆದು ಮೆತ್ತಿ, ಒಂಬತ್ತು ದಿನ ಬಿಚ್ಚಬಾರದೆಂದು ಬಿಗಿಯಾಗಿ ಕಟ್ಟಿದ. ಆರನೆಯ ದಿನಕ್ಕೆ ಮನೆಯೆಲ್ಲ ವಾಸನೆ. ನನಗೆ ಎಚ್ಚರವಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂವತ್ತೆರಡು ದಿನ ಇದ್ದೆ. ಅಲ್ಲಿಯ ಡಾಕ್ಟರು ಹಿಂದೆ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ ಹೇಳಿದ, “ಆಗೈತ್ರಿ, ಏನೂ ಇಲ್ಲಂತ.”

ಆಸ್ಪತ್ರೆಗೆ ಹೋಗುವಾಗ ಭವ್ಯ ಹತ್ತು ತಿಂಗಳ ಕೂಸು. ಅತ್ತೆಯ ಹತ್ತಿರವೇ ಉಳಿದಿತ್ತು. ಬಂದು ಬಾಗಿಲಲ್ಲಿ ನಿಂತಾಗ ಎದೆ ಹಾಲು ಇನ್ನೂ ಬತ್ತಿರಲಿಲ್ಲ. ಅತ್ತೆ ಒಳಗೆ ಬಿಡಲಿಲ್ಲ. “ಹಾಲು ಬಿಡಿಸೇವಿ. ನಿನ್ನ ಹಾಲು ಕುಡದು ಕೂಸಿಗೂ ಕಾಲು ಬರೂದು ಬ್ಯಾಡ” ಅಂದಳು. ಹುಲಿಗೇಶ್ ಅಲ್ಲೇ ಇದ್ದ. ತಲೆ ತಗ್ಗಿಸಿ ಬೂಟಿನ ಕೆಂಪು ಮಣ್ಣು ಕೆರೆಯುತ್ತ ಕೂತಿದ್ದ.

ಆಮೇಲೆ ಎರಡು ಸಲ ಹೋದೆ. ಮೊದಲ ಸಲ ಕೂಸನ್ನು ತೋರಿಸಲಿಲ್ಲ. ಎರಡನೆಯ ಸಲ ಭವ್ಯಳಿಗೆ ನಾಲ್ಕು ವರ್ಷ. ಓಣಿಯಲ್ಲಿ ಆಡುತ್ತಿದ್ದಳು. ನಾನು ಕಂಪನಿ ಬಸ್ ನಿಲ್ಲುವಲ್ಲಿ ಇಳಿದು ನಡೆದು ಬರುತ್ತಿದ್ದೆ. ನನ್ನನ್ನು ನೋಡಿದ್ದೇ, “ಅಜ್ಜೀ, ದಪ್ಪಗಾಲಿನಾಕಿ ಬಂದ್ಲು!” ಎಂದು ಚೀರಿ ಒಳಗೆ ಓಡಿದಳು. ಪಕ್ಕದ ಮನೆಯವಳು ಆಮೇಲೆ ಹೇಳಿದಳು. ಉಣ್ಣಲು ಹಟ ಮಾಡಿದಾಗಲೆಲ್ಲ ಅತ್ತೆ ಕೂಸನ್ನು ಹೆದರಿಸುತ್ತಿದ್ದಳಂತೆ, “ಉಣ್ಣದಿದ್ರ ದಪ್ಪಗಾಲಿನಾಕಿ ಬಂದು ಒಯ್ತಾಳ ನೋಡು.”

ಮತ್ತೆ ನಾನು ಹೋಗಲಿಲ್ಲ. ಹೋಗಿ ಕೂಸಿನ ನಿದ್ದೆ ಕೆಡಿಸುವುದು ಯಾಕೆ.

ಆರು ವರ್ಷದ ಹಿಂದೆ ಇಲ್ಲೊಂದು ಶಿಬಿರ ಆಯಿತು. ಅಲ್ಲಿಯ ನರ್ಸು ಕಾಲು ನೋಡಿ, ಇದು ಆನೆಕಾಲೇ ಎಂದಳು. ರಕ್ತದಲ್ಲಿ ಮಾತ್ರ ಹುಳ ಸಿಗಲಿಲ್ಲ. ಕಾಲು ಊದಿದ ಮೇಲೆ ಸಿಗುವುದು ಅಪರೂಪವಂತೆ. ದಿನಾ ಸೋಪು ಹಚ್ಚಿ ತೊಳೆದು, ಬೆರಳ ಸಂದಿಯ ನೀರು ಒರೆಸಿ, ಕಾಲು ಎತ್ತರಕ್ಕೆ ಇಟ್ಟುಕೊಳ್ಳುವುದನ್ನು ಅವಳೇ ಕಲಿಸಿದಳು. ಅಲ್ಲಿಂದ ಜ್ವರ ಕಡಿಮೆ, ಊತವೂ ತುಸು ಇಳಿದಿದೆ. ಆದರೆ ಯಶವಂತನಗರದವರಿಗೆ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ನಿಮ್ಮ ‘ಇಲ್ಲ’ ಒಂದೇ.

ಭವ್ಯ ಈಗ ಹೊಸಪೇಟೆಯಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಾಳೆ, ದಿನಾ ಯಶವಂತನಗರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ ಎಂದು ಕೇಳಿದ್ದೇನೆ. ನೀವು ಹೋಗಿ ಅವಳಿಗೆ ಹೇಳಿ. ಇದು ಸೊಳ್ಳೆಯಿಂದ ಬಂದ ಹುಳ, ವಂಶದ್ದಲ್ಲ, ಹಾಲಿನಿಂದಲ್ಲ, ಮುಟ್ಟಿದರೆ ಬರುವುದಲ್ಲ ಎಂದು ಹೇಳಿ. ನೀವು ಮಾಡಿದ್ದನ್ನೂ ಹೇಳಿ. ಅಪ್ಪನಿಗೆ ಬಾಯಿಂದ ಹೇಳಿದಿರಿ, ಅವಳಿಗೂ ಬಾಯಿಂದಲೇ ಹೇಳಿ.

ನನ್ನ ಹತ್ತಿರ ಹೋಗು ಎಂದು ಮಾತ್ರ ಹೇಳಬೇಡಿ.

ಕರೆಮ್ಮ


ಹೊಸಪೇಟೆ
೨೦ ಸೆಪ್ಟೆಂಬರ್ ೨೦೨೫

ಕರೆಮ್ಮ,

ನಿನ್ನ ಕಾಗದವನ್ನು ಓದಿ ಮುಗಿಸಲು ನನಗೆ ಎರಡು ದಿನ ಬೇಕಾಯಿತು. ಅದರ ಬಗ್ಗೆ ಏನೂ ಬರೆಯಲಾರೆ. ನೀನು ಹೇಳಿದ ಕೆಲಸ ಮಾಡಿದ್ದೇನೆ, ಅದನ್ನು ಬರೆಯುತ್ತೇನೆ.

ಮಂಗಳವಾರ ಕಾಲೇಜಿಗೆ ಹೋದೆ. ಆಫೀಸಿನಲ್ಲಿ ನಾನು ಯಾರೆಂದು ಹೇಳಿ ಭವ್ಯಳನ್ನು ಕರೆಸಿಕೊಂಡೆ. ಸುಷ್ಮಿತಾ ಎಂಬ ಗೆಳತಿಯ ಕೈ ಹಿಡಿದುಕೊಂಡೇ ಬಂದಳು. ಎತ್ತರದ ಹುಡುಗಿ. ಹುಬ್ಬು ಎರ್ರಿಯಪ್ಪನದೇ. ಲೈಬ್ರರಿಯ ಮುಂದಿನ ಪಡಸಾಲೆಯಲ್ಲಿ ಕೂತೆವು. ನಾನು ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ ೨೦೦೭ರದ್ದನ್ನೂ. ಮುಗಿದ ಮೇಲೆ ಅವಳು ಮೊದಲು ಕೇಳಿದ್ದು ನಿನ್ನ ಬಗ್ಗೆಯೂ ಅಲ್ಲ, ನನ್ನ ಬಗ್ಗೆಯೂ ಅಲ್ಲ.

“ನನಗೂ ಬರತೈತೇನ್ರಿ?” ಅಂದಳು.

ಯಾಕಮ್ಮಾ ಎಂದೆ. ಅವಳು ಗೆಳತಿಯ ಕಡೆ ನೋಡಿದಳು. ಸುಷ್ಮಿತಾ ಹೇಳಿದಳು, “ಅವರ ಅಜ್ಜಿ ಹೇಳ್ಯಾರಂತ್ರಿ, ತಾಯಿದು ಮಗಳಿಗೆ ಬಂದೇ ಬರತೈತಿ ಅಂತ. ಈಕಿ ಎಂಟನೇ ಕ್ಲಾಸಿನಿಂದ ತಿಂಗಳಿಗೊಮ್ಮೆ ದಾರ ಹಾಕಿ ಕಾಲು ಅಳಕೊಂತಾಳ್ರಿ. ಎರಡೂ ಕಾಲು.”

ಕರೆಮ್ಮ, ನನ್ನ ಅರವತ್ತು ಸ್ಲೈಡುಗಳ ಲೆಕ್ಕದಲ್ಲಿ ಈ ಹುಡುಗಿ ಇರಲಿಲ್ಲ.

ಇಬ್ಬರನ್ನೂ ಮಾರೇಶನ ಲ್ಯಾಬಿಗೆ ಕರೆದೊಯ್ದೆ. ಈಗ ಹೊಸ ಪರೀಕ್ಷೆ ಇದೆ. ರಾತ್ರಿ ಕಾಯಬೇಕಿಲ್ಲ, ಹಗಲಲ್ಲೇ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಣ್ಣ ಪರೀಕ್ಷಾ ಪಟ್ಟಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಳೆಯ ಘಟಕದವರಿಂದ ಒಂದು ಪಟ್ಟಿ ಕೇಳಿ ತಂದಿಟ್ಟಿದ್ದೆ. ತಾಯಿಯಿಂದ ಬರುವ ರೋಗವಲ್ಲ, ಪರೀಕ್ಷೆ ಬೇಕಿಲ್ಲ ಎಂದು ಹೇಳಿದೆ. “ಮಾಡ್ರಿ” ಅಂದಳು. ಹನಿ ಹಾಕಿ ಗಡಿಯಾರವನ್ನು ಅವಳ ಮುಂದಿಟ್ಟೆ. “ನಾನು ಹೇಳೂದಿಲ್ಲವ್ವಾ. ಒಂದೇ ಗೆರಿ ಬಂದ್ರ ಏನೂ ಇಲ್ಲ, ಎರಡು ಬಂದ್ರ ಐತಿ. ಹತ್ತು ನಿಮಿಷ ಆದಮ್ಯಾಲ ನೀನೇ ನೋಡು” ಅಂದೆ.

ಹತ್ತು ನಿಮಿಷ ಆ ಹುಡುಗಿ ರೆಪ್ಪೆ ಬಡಿಯಲಿಲ್ಲ. ಒಂದೇ ಗೆರೆ ಬಂತು. ಇನ್ನೊಂದು ಬರಬಹುದೆಂದು ಮತ್ತೂ ನೋಡುತ್ತ ಕೂತಳು. ಸುಷ್ಮಿತಾ ಪಟ್ಟಿಯನ್ನು ಅವಳ ಕೈಯಿಂದ ಬಿಡಿಸಬೇಕಾಯಿತು.

ಮುನ್ನೂರ ಎಪ್ಪತ್ತೊಂದನೆಯ ಸ್ಲೈಡನ್ನು ಮಾರೇಶ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದ. ತೋರಿಸಲೇ ಎಂದೆ. ಬಗ್ಗಿ ಕಣ್ಣಿಟ್ಟಳು. “ಆ ಬಾಗಿದ ಗೆರಿನಾ?” ಎಂದಳು. ಹೌದೆಂದೆ. “ಇದ್ರಿಂದನಾ?” ಹೌದೆಂದೆ. ಆಮೇಲೆ, “ಆಗ ಎಷ್ಟು ವಯಸ್ಸಿತ್ರಿ?” ಎಂದು ಕೇಳಿದಳು.

“ಹದಿನೆಂಟು.”

“ನನ್ನಷ್ಟ” ಅಂದಳು.

ಐದೂವರೆಯ ಬಸ್ಸಿಗೆ ಹೊರಟಳು. ನಡೆದದ್ದನ್ನೆಲ್ಲ ನಾನು ಬರೆದು ಸಹಿ ಮಾಡಿಕೊಟ್ಟ ಹಾಳೆಯನ್ನು ಮಡಿಸಿ ಪುಸ್ತಕದಲ್ಲಿ ಇಟ್ಟುಕೊಂಡಳು. ನಿನ್ನ ವಿಳಾಸ ಆ ಹಾಳೆಯಲ್ಲಿದೆ. ಹೋಗು ಎಂದು ನಾನು ಹೇಳಲಿಲ್ಲ.

ಹೊನ್ನೂರಸ್ವಾಮಿ


ಕಂಪ್ಲಿ
೩೧ ಅಕ್ಟೋಬರ್ ೨೦೨೫

ಕಾಕಾ ಅವರಿಗೆ,

ಬಂದಿಲ್ಲ.

ಹೇಳಬೇಡಿ ಎಂದವಳು ನಾನೇ. ಆದರೂ ಹೊಸಪೇಟೆಯ ಬಸ್ಸು ನಿಂತ ಸದ್ದಾದಾಗ ಯಂತ್ರ ನಿಲ್ಲಿಸುತ್ತೇನೆ. ದೀಪಾವಳಿಗೆ ಕೆಲಸ ಬಹಳವಿತ್ತು, ರಾತ್ರಿಯೆಲ್ಲ ಕಾಲು ಇಳಿಬಿಟ್ಟು ಕೂತೆ. ಹಬ್ಬದ ಮರುದಿನ ಜ್ವರ ಬಂತು. ಕಾಲು ಕೆಂಪಾಗಿ ಮುಟ್ಟಲಾಗದ ಹಾಗೆ ಉರಿಯಿತು. ಎರಡು ವರ್ಷದಿಂದ ಹೀಗೆ ಬಂದಿರಲಿಲ್ಲ. ಆಸ್ಪತ್ರೆಗೆ ಹೋಗಿ ಔಷಧ ತಂದೆ. ಈಗ ಕಡಿಮೆಯಾಗಿದೆ.

ಅವಳು ದಾರ ಹಾಕಿ ಅಳೆದುಕೊಳ್ಳುತ್ತಿದ್ದಳು ಎಂದು ಬರೆದಿದ್ದೀರಲ್ಲ, ಅದನ್ನು ನೀವು ಬರೆಯದಿದ್ದರೆ ಚೆನ್ನಾಗಿತ್ತು. ಬರೆದದ್ದೂ ಸರಿಯೇ. ಈಗ ಅವಳು ಅಳೆಯುವುದನ್ನು ಬಿಟ್ಟಿರಬಹುದು. ಅಷ್ಟಾದರೂ ಆಯಿತು.

ಮತ್ತೆ ಕಾಲೇಜಿಗೆ ಹೋಗಬೇಡಿ.

ಕರೆಮ್ಮ


ಹೊಸಪೇಟೆ
೧೬ ನವೆಂಬರ್ ೨೦೨೫

ಕರೆಮ್ಮ,

ಹೋಗುವುದಿಲ್ಲ. ಹೋಗಿಲ್ಲ.

ಹೋದ ವಾರ ಸುರಪುರದ ಕಡೆ ಹೋಗಿದ್ದೆ. ಆಗ ಹನ್ನೊಂದು ವರ್ಷದವನಾಗಿದ್ದ ಆ ಇನ್ನೊಬ್ಬ ಸಿಕ್ಕ. ಮೌನೇಶ್ ಎಂದು ಅವನ ಹೆಸರು. ಈಗ ಮೂವತ್ಮೂರು, ಟ್ರ್ಯಾಕ್ಟರ್ ಓಡಿಸುತ್ತಾನೆ. ಕಾಲು, ಮೈ ಎಲ್ಲ ಸರಿಯಾಗಿದೆ. ಅವನ ಊರಿನಲ್ಲಿ ವರ್ಷಕ್ಕೊಮ್ಮೆ ಮನೆ ಮನೆಗೆ ಬಂದು ಕೊಡುವ ಮಾತ್ರೆಯನ್ನು ತಪ್ಪದೆ ನುಂಗಿದ್ದಾನಂತೆ. ಅದರಿಂದಲೋ, ಅವನ ಅದೃಷ್ಟವೋ. ನೀನು ಮೊದಲು ಕೇಳಿದ ಪ್ರಶ್ನೆಗೆ ಇದೂ ಉತ್ತರವಲ್ಲ. ಆದರೆ ನಿನ್ನಿಂದ ಇನ್ನು ಏನನ್ನೂ ಮುಚ್ಚಿಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ, ಅದಕ್ಕೆ ಬರೆದೆ.

ಅಧಿಕಾರಿಯಿಂದ ಇದುವರೆಗೆ ಉತ್ತರ ಬಂದಿಲ್ಲ.

ಈ ಐದು ತಿಂಗಳಲ್ಲಿ ಕ್ಷಮಿಸು ಎಂಬ ಮಾತನ್ನು ನಾನು ಬರೆದಿಲ್ಲ. ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ, ಅದೊಂದು ಭಾರ ನಿನಗೆ ಎಂದು ಬಿಟ್ಟಿದ್ದೆ. ಇವತ್ತು ಬರೆಯುತ್ತೇನೆ. ಕ್ಷಮಿಸು. ಉತ್ತರ ಕೊಡಬೇಕೆಂದಿಲ್ಲ.

ಹೊನ್ನೂರಸ್ವಾಮಿ


ಕಂಪ್ಲಿ
೧೫ ಡಿಸೆಂಬರ್ ೨೦೨೫

ಹೊನ್ನೂರಸ್ವಾಮಿ ಕಾಕಾ,

ಭವ್ಯ ಬಂದಿದ್ದಳು. ನಿನ್ನೆ, ಭಾನುವಾರ.

ಹನ್ನೊಂದು ಗಂಟೆಯಾಗಿರಬಹುದು. ಅಂಗಡಿಯ ಮುಂದೆ ಒಂದು ಹುಡುಗಿ ನಿಂತಳು. ಗಿರಾಕಿ ಅಂದುಕೊಂಡೆ. “ಬರ್ರಿ, ಕುಂದ್ರಿ. ಬ್ಲೌಸಾ, ಚೂಡಿದಾರಾ?” ಎಂದು ಕೇಳಿದೆ. ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಬ್ಯಾಗನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ನಾನು ಹುಬ್ಬು ನೋಡಿದೆ. ನೀವು ಬರೆದಿದ್ದು ನಿಜ.

“ನಾನು ಭವ್ಯ” ಅಂದಳು. “ಮನ್ಯಾಗ ಹಂಪಿಗೆ ಹೊಂಟೀನಿ ಅಂತ ಹೇಳಿ ಬಂದೀನಿ. ಸುಷ್ಮಿತಾ ಕಮಲಾಪುರದಾಗ ಅವರ ಅತ್ತಿ ಮನ್ಯಾಗ ಅದಾಳ. ಮೂರು ಗಂಟಿ ಬಸ್ಸಿಗೆ ಹೋಗಬೇಕು.”

ನೀರು ಕೊಟ್ಟೆ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಕುಡಿಯುವುದಿಲ್ಲವೇನೋ ಅಂದುಕೊಂಡೆ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದಳು. ಹಸಿವಾಗಿದೆಯೇ ಎಂದು ಕೇಳಬೇಕಿತ್ತು. ಹೇಗೆ ಕೇಳುವುದೆಂದು ತಿಳಿಯಲಿಲ್ಲ. ನೀನು ಅನ್ನಲು ನಾಲಿಗೆ ಏಳಲಿಲ್ಲ, ನೀವು ಅನ್ನಲು ಮನಸ್ಸು ಬರಲಿಲ್ಲ. “ರೊಟ್ಟಿ ಅದಾವ, ಪುಂಡಿಪಲ್ಯ ಐತಿ” ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಎರಡು ರೊಟ್ಟಿ ಉಂಡಳು. ಉಣ್ಣುವಾಗ ನಾನು ಅವಳ ಕಡೆ ನೋಡಲಿಲ್ಲ. ಚಿಕ್ಕಂದಿನಲ್ಲಿ ನನ್ನ ಹೆಸರು ಹೇಳಿ ಉಣ್ಣಿಸಿದ್ದರಲ್ಲ, ನೋಡಿದರೆ ಅರ್ಧಕ್ಕೇ ಎದ್ದುಬಿಡುತ್ತಾಳೇನೋ ಎಂದು.

ಉಂಡ ಮೇಲೆ ಕೇಳಿದಳು, “ಕಾಲು ತೋರಿಸ್ತೀರೇನು?”

ನಾನು ಯಾರಿಗೂ ತೋರಿಸುವುದಿಲ್ಲ ಕಾಕಾ. ನರ್ಸಿಗೆ ಬಿಟ್ಟರೆ ಯಾರಿಗೂ ಇಲ್ಲ. ಸೀರೆಯನ್ನು ನೆಲ ಮುಟ್ಟುವ ಹಾಗೆ ಉಡುತ್ತೇನೆ. ಕಾಲನ್ನು ಸ್ಟೂಲಿನ ಮೇಲಿಟ್ಟು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದೆ. ಬೆಳಿಗ್ಗೆಯಷ್ಟೇ ತೊಳೆದಿದ್ದೆ. ಇಪ್ಪತ್ತೊಂದು ಗೆರೆಗಳೂ ಕಾಣುತ್ತಿದ್ದವು. ಎದ್ದು ಬಂದು ಹತ್ತಿರ ಕೂತು ಸುತ್ತಲೂ ನೋಡಿದಳು. ಮುಟ್ಟಲಿಲ್ಲ.

“ಇಷ್ಟೇ ಏನ್ರಿ?” ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. “ನಾನು ಇದು ಭಾಳ ದೊಡ್ಡದು ಅಂದ್ಕೊಂಡಿದ್ದೆ. ಮನಿ ಕಂಬದಷ್ಟು. ಕನಸಿನ್ಯಾಗ ಹಂಗ ಬರ್ತಿತ್ತು. ಇಷ್ಟೇ ಏನ್ರಿ?”

“ಇಷ್ಟೇವ್ವಾ” ಅಂದೆ.

ನಿಮ್ಮ ಬಗ್ಗೆಯೂ ಕೇಳಿದಳು. “ಅವರ ಮ್ಯಾಲ ಸಿಟ್ಟಿಲ್ಲೇನು?” ಅಂದಳು. ಐತಿ ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸಿಟ್ಟು ಇದೆ ಕಾಕಾ, ಹೋಗುವ ಹಾಗೆ ಕಾಣುವುದಿಲ್ಲ. ಆದರೆ ತಪ್ಪು ಮಾಡಿದವರು ಬಹಳ ಜನ. ಮುಂದೆ ಬಂದು ‘ನಾನು ಮಾಡಿದೆ’ ಎಂದವರು ನೀವೊಬ್ಬರೇ. ಅಷ್ಟನ್ನು ಅವಳಿಗೂ ಹೇಳಿದೆ. ಅವಳು ತಲೆಯಾಡಿಸಿದಳು. ಅವಳ ಅಪ್ಪನ ವಿಷಯ, ಅಜ್ಜಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀವು ಕೇಳಿದ ಕ್ಷಮೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನ ಹತ್ತಿರ ಇಲ್ಲ.

ಎರಡೂವರೆಗೆ ಎದ್ದಳು. ಬಾಗಿಲ ತನಕ ಹೋದೆ. ಬಸ್ಸಿನವರೆಗೂ ಹೋಗಬಹುದಿತ್ತು, ಆದರೆ ನನ್ನ ಜೊತೆ ನಡೆಯುವುದನ್ನು ಯಾರಾದರೂ ನೋಡಿಯಾರೆಂದು ಅವಳಿಗೆ ಅನ್ನಿಸಬಾರದು ಎಂದು ನಿಂತೆ. ಚಪ್ಪಲಿ ಹಾಕಿಕೊಂಡಳು. ಏನಾದರೂ ಕರೆಯುತ್ತಾಳೇನೋ ಎಂದು ಕಾದೆ. ಅವ್ವಾ ಅನ್ನಬೇಕೆಂದೇನೂ ಇರಲಿಲ್ಲ. ಹೇಗೆ ಕರೆದರೂ ಆಗುತ್ತಿತ್ತು.

“ಬರ್ತೀನ್ರಿ” ಅಂದಳು.

ಅಂಗಡಿಗೆ ಬರುವವರೆಲ್ಲ ಹೋಗುವಾಗ ಹಾಗೇ ಅನ್ನುತ್ತಾರೆ. ನನ್ನ ಬಾಯಿಗೂ ದಿನದ ಮಾತೇ ಬಂತು. ಹೆತ್ತ ಮಗಳಿಗೆ, “ಹೂಂ, ಹೋಗಿ ಬರ್ರಿ” ಅಂದೆ ಕಾಕಾ.

ಕರೆಮ್ಮ